‘ಹಜುರ್’ ಮತ್ತು ‘ಇಂಗಿಹ್’: ಎರಡು ನುಡಿಗಳ ನಡುವೆ ಪ್ರಾಧ್ಯಾಪಕಿ ಸುಮತಿ ಢುಂಗಾನಾ

ಒಂದೇ ತಾಯಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೂಗು, ಹಣೆ, ಗದ್ದಗಳ ಹೋಲಿಕೆ ಹುಡುಕುವ ಕೆಲಸ ಭಾಷಾಶಾಸ್ತ್ರದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದನ್ನು ಮಾಡುವ ವಿದ್ವಾಂಸರಿಗೂ ಕೊರತೆಯಿಲ್ಲ. ಆದರೆ ರಕ್ತಸಂಬಂಧವೇ ಇಲ್ಲದ ಎರಡು ನುಡಿಗಳನ್ನು, ಹಿಮಾಲಯದ ತಪ್ಪಲಿನ ಒಂದನ್ನೂ ಕಡಲ ನಡುವಣ ದ್ವೀಪದ ಇನ್ನೊಂದನ್ನೂ ಎದುರುಬದುರು ಕೂರಿಸಿ, ‘ಹಿರಿಯರ ಮುಂದೆ ನೀವು ಹೇಗೆ ಮಾತಾಡುತ್ತೀರಿ, ಕಿರಿಯರನ್ನು ಏನೆಂದು ಕರೆಯುತ್ತೀರಿ’ ಎಂದು ಆಯುಷ್ಯವಿಡೀ ಕೇಳುತ್ತ ಕುಳಿತವರು ವಿರಳ. ನೇಪಾಳಿ ಮತ್ತು ಜಾವಾ ಭಾಷೆಗಳ ಮರ್ಯಾದೆಯ ಮಾತುಗಳ ಬಗ್ಗೆ ಇಂದು ಯಾರು ಲೇಖನಿ ಎತ್ತಿದರೂ ಮೊದಲು ನೆನೆಯಬೇಕಾದ ಹೆಸರು ಪ್ರಾಧ್ಯಾಪಕಿ ಸುಮತಿ ಢುಂಗಾನಾ ಅವರದು. ಜಾವಾದ ಯೋಗ್ಯಕರ್ತಾ ನಗರದ ನಮ್ಮ ಭಾಷಾಶಾಸ್ತ್ರ ವಿಭಾಗದಿಂದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅವರ ಸಿದ್ಧಾಂತಗಳನ್ನು ಈ ಸಂಪುಟದ ಇತರ ಲೇಖಕರು ಸಮರ್ಥವಾಗಿ ವಿವರಿಸಿದ್ದಾರೆ. ಇಲ್ಲಿ ನಿರೂಪಿಸಹೊರಟಿರುವುದು ಆ ಸಿದ್ಧಾಂತಗಳ ಹಿಂದಿನ ಬದುಕನ್ನು. ಒಂದರ ಮೇಲೊಂದರಂತೆ ಬಂದೆರಗಿದ ಆಘಾತಗಳಿಗೆ ಬೆಚ್ಚಿಬೀಳುತ್ತಲೇ ಒಬ್ಬ ಹೆಣ್ಣುಮಗಳು ವಿದ್ವಾಂಸೆಯಾದ ಬಗೆಯನ್ನು.

ಸುಮತಿಯವರು ಹುಟ್ಟಿದ್ದು ಪೂರ್ವ ನೇಪಾಳದ ಧನಕುಟಾದಲ್ಲಿ. ತಂದೆ ಹೋಮನಾಥ ಢುಂಗಾನಾ ಸಂಸ್ಕೃತ ಪಾಠಶಾಲೆಯ ಗುರುಗಳು, ಊರಿಗೇ ನ್ಯಾಯ ಹೇಳುವ ಕಟ್ಟುನಿಟ್ಟಿನ ಮನುಷ್ಯ. ತಾಯಿ ದುರ್ಪತಾ ಅಕ್ಷರ ಕಲಿತವರಲ್ಲ. ಆ ಮನೆಯಲ್ಲಿ ತಂದೆ ತಾಯಿಯನ್ನು ‘ತಂ’ ಎನ್ನುತ್ತಿದ್ದರು. ನೇಪಾಳಿಯಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ‘ನೀನು’. ಹಸುವಿಗೆ, ನಾಯಿಗೆ, ತಪ್ಪು ಮಾಡಿದ ಮಗುವಿಗೆ ಹೇಳುವಂಥದು. ತಾಯಿ ತಂದೆಗೆ ಹೇಳುತ್ತಿದ್ದುದು ‘ಹಜುರ್’. ಅಧಿಕಾರಿಗೂ ಒಡೆಯನಿಗೂ ಸಲ್ಲುವ ಮಾತು. ತಂದೆಯ ಹೆಸರಂತೂ ತಾಯಿಯ ಬಾಯಿಂದ ಒಮ್ಮೆಯೂ ಹೊರಬಿದ್ದುದಿಲ್ಲ. ಅಂಗಡಿಯವನು ಕೇಳಿದರೆ ‘ಇವಳ ಬುವಾ’, ಇವಳ ಅಪ್ಪ, ಎಂದು ಮಗಳ ಕಡೆ ಬೆರಳು ತೋರಿಸುತ್ತಿದ್ದರು. ಪುಟ್ಟ ಸುಮತಿಗೆ ಇದು ಮೈಯುರಿಯುವ ಸಂಗತಿಯಾಗಿತ್ತು. ತಾವು ಭಾಷಾಶಾಸ್ತ್ರಕ್ಕೆ ಬಂದದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ ಎಂದು ಅವರು ತರಗತಿಯಲ್ಲಿ ಹಲವು ಬಾರಿ ಹೇಳಿದ್ದಾರೆ.

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ವಿದ್ಯಾರ್ಥಿವೇತನವೊಂದು ಅವರನ್ನು ಯೋಗ್ಯಕರ್ತಾಕ್ಕೆ ಕರೆತಂದಿತು. ಬಂದ ಮರುದಿನವೇ ಮೊದಲ ಆಘಾತ. ತರಗತಿಯಲ್ಲಿ ಎದ್ದು ನಿಂತು, ರಾತ್ರಿಯಿಡೀ ಬಾಯಿಪಾಠ ಮಾಡಿದ ಜಾವಾ ಮಾತಿನಲ್ಲಿ “ನನ್ನ ಹೆಸರು ಸುಮತಿ” ಎಂದರು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಅಧ್ಯಾಪಕರು ಕನ್ನಡಕ ತೆಗೆದು ಒರೆಸತೊಡಗಿದರು. ಯಾರೂ ಕಾರಣ ಹೇಳಲಿಲ್ಲ. ಹೇಳಿದ್ದು ಸಂಜೆ, ಬಂಟುಲ್ ಕಡೆಯ ಹಳ್ಳಿಯಲ್ಲಿ ಅವರಿಗೆ ಕೋಣೆ ಬಾಡಿಗೆ ಕೊಟ್ಟಿದ್ದ ಇಬು ಪೊನಿರಾ. ಅಲ್ಲಿ ಹಿರಿಯ ಹೆಂಗಸರ ಹೆಸರಿನ ಮುಂದೆ ‘ಇಬು’ (ಅಮ್ಮ), ಗಂಡಸರ ಹೆಸರಿನ ಮುಂದೆ ‘ಬಾಪಕ್’ (ಅಪ್ಪ) ಸೇರುತ್ತದೆ.

“ಯಾರಮ್ಮಾ ನಿನಗೆ ಈ ಹೆಸರಿಟ್ಟವರು? ಶತ್ರುಗಳಾ?”

“ನಮ್ಮಪ್ಪ. ಯಾಕೆ?”

“ನಮ್ಮಲ್ಲಿ ಆಸು ಅಂದ್ರೆ ನಾಯಿ. ಸಿಟ್ಟು ಬಂದಾಗ ಬರೀ ‘ಸು’ ಅಂತಾರೆ, ಗಂಡಸರು ಬೀದೀಲಿ. ಮತಿ ಅಂದ್ರೆ ಸಾವು. ನೀನು ಎದ್ದು ನಿಂತು ಮೇಷ್ಟ್ರಿಗೆ ‘ನಾಯಿ, ಸಾಯಿ’ ಅಂದಿದೀಯ!”

ಸದ್ಬುದ್ಧಿಯುಳ್ಳವಳಾಗಲೆಂದು ಸಂಸ್ಕೃತ ಪಂಡಿತರು ಆರಿಸಿದ ಹೆಸರು ಒಂದು ಸಮುದ್ರ ದಾಟಿದ್ದೇ ಬೈಗುಳವಾಗಿಬಿಟ್ಟಿತ್ತು. ಇಬು ಪೊನಿರಾ ಹೊಟ್ಟೆ ಹಿಡಿದು ನಗುತ್ತ, “ಇವತ್ತಿಂದ ನೀನು ಬರೀ ಸುಮ್. ಆ ಹೆಸರಿನ ಹೆಂಗಸರು ನಮ್ಮ ಸಂತೇಲಿ ಬೇಕಾದಷ್ಟಿದ್ದಾರೆ, ಯಾರೂ ತಿರುಗಿ ನೋಡಲ್ಲ” ಎಂದು ಬಿಸಿ ಟೀ ಕೈಗಿತ್ತರು. ಆ ದಿನದಿಂದ ಆ ಮನೆಯಲ್ಲಿ ಸುಮತಿಯವರಿಗೆ ಸಂದದ್ದು ಮಗಳಿಗೆ ಸಲ್ಲುವ ಕರೆ: ‘ಗೆಂದುಕ್’.

ಮನೆಯ ಯಜಮಾನರು ಬಾಪಕ್ ರೆಕ್ಸೊ, ಇಮೋಗಿರಿ ಗುಡ್ಡದ ಮೇಲಿನ ರಾಜಸಮಾಧಿಗಳ ಕಾವಲಿನ ಸೇವಕರು. ಅರಮನೆಯ ಸೇವೆಯೆಂದರೆ ಸಂಬಳ ಕಡಿಮೆ, ಮರ್ಯಾದೆ ಹೆಚ್ಚು. ತಲೆಗೆ ಬಟ್ಟೆ ಬಿಗಿದು, ಬರಿಗಾಲಲ್ಲಿ, ನೆಲಕ್ಕೆ ನೋವಾಗದ ಹಾಗೆ ನಡೆಯುವ ಅವರು ಅತ್ಯುನ್ನತ ಜಾವಾ ಮಾತನ್ನು ನೀರು ಕುಡಿದಂತೆ ಆಡುತ್ತಿದ್ದರು. ಆ ಭಾಷೆಯಲ್ಲಿ ಉಣ್ಣುವುದಕ್ಕೇ ಮೂರು ಪದಗಳು. ಸರೀಕರು ಉಣ್ಣುವುದು ಒಂದು, ವಿನಯದಿಂದ ತಾನು ಉಣ್ಣುವುದು ಮತ್ತೊಂದು, ದೊಡ್ಡವರು ಉಣ್ಣುವುದು ಇನ್ನೊಂದು. ಒಂದು ಮಧ್ಯಾಹ್ನ ಬಾಪಕ್ ರೆಕ್ಸೊ ‘ಊಟವಾಯಿತೇ’ ಎಂದು ಕೇಳಿದಾಗ, ದೊಡ್ಡ ಪದ ಬಳಸಿದರೆ ದೊಡ್ಡ ಮರ್ಯಾದೆಯೆಂದು ತಿಳಿದ ಸುಮತಿಯವರು, ಕೈಮುಗಿದು, “ನಾನು ಆಗಲೇ ಆರೋಗಣೆ ಮಾಡಿ ದಯಮಾಡಿಸಿದ್ದೇನೆ” ಎನ್ನುವಂತಹ ಉತ್ತರ ಕೊಟ್ಟರು. ಆ ಗಂಭೀರ ಮನುಷ್ಯ ಎದ್ದು ಹಿತ್ತಲಿಗೆ ಹೋಗಿ, ಬಾಳೆಗಿಡದ ಹಿಂದೆ ನಿಂತು ನಕ್ಕು, ಮುಖ ತೊಳೆದುಕೊಂಡು ಬಂದು, ಏನೂ ಆಗದವರಂತೆ ಕುಳಿತರಂತೆ.

ಇಂತಹ ಬೆಚ್ಚುವಿಕೆಗಳಿಂದಲೇ ಅವರ ಮೊದಲ ಪ್ರಬಂಧ ಹುಟ್ಟಿತು. ನೇಪಾಳಿ, ಕ್ರಿಯಾಪದದ ಬಾಲವನ್ನಷ್ಟೇ ಬದಲಿಸಿ ಮರ್ಯಾದೆ ತೋರಿಸುತ್ತದೆ; ಜಾವಾ ಪದದ ಮೈಯನ್ನೇ ಬದಲಿಸಿಬಿಡುತ್ತದೆ ಎಂಬ ಅವರ ಮಾತು ಇಂದು ಪಾಠದ ಮಾತಾಗಿದೆ. ಸಂಸ್ಕೃತದ ಗೃಹ ಧನಕುಟಾದಲ್ಲಿ ಸವೆದು ಸವೆದು ‘ಘರ್’ ಆಗಿ, ಕೋಳಿಗೂಡಿನ ಪಕ್ಕದ ಗುಡಿಸಲಿಗೂ ಅದೇ ಹೆಸರಾಗಿದ್ದರೆ, ಇಮೋಗಿರಿಯಲ್ಲಿ ಅದೇ ಪದ ‘ಗ್ರಿಯಾ’ ಆಗಿ ವಿನಯದ ಮಾತಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಹಸ್ತ, ಮಸ್ತಕ, ಪುತ್ರ ಎಲ್ಲವೂ ಇಲ್ಲಿ ದೊಡ್ಡವರ ಕೈ, ದೊಡ್ಡವರ ತಲೆ, ದೊಡ್ಡವರ ಮಕ್ಕಳು. “ನಮ್ಮೂರಿನ ಅಂಗಳದಲ್ಲಿ ಆಡಿಕೊಂಡಿದ್ದ ಪದಗಳು ಇಲ್ಲಿ ಜರಿ ಪೇಟ ಸುತ್ತಿಕೊಂಡು ಕೂತಿವೆ, ನನ್ನ ಗುರುತೇ ಹಿಡಿಯುತ್ತಿಲ್ಲ” ಎಂದು ಅವರು ಆಗ ತಂದೆಗೆ ಬರೆದಿದ್ದರು.

ಆದರೆ ಪ್ರಬಂಧದ ಜೀವಾಳ ಬೇರೆಯೇ ಇತ್ತು. ಇಬು ಪೊನಿರಾ ಗಂಡನೊಡನೆ ಆಡುತ್ತಿದ್ದುದು ಉನ್ನತ ಮಾತು. ಗಂಡ ಹೆಂಡತಿಯೊಡನೆ ಆಡುತ್ತಿದ್ದುದು ಕೆಳಗಿನ ಮಾತು. ಧನಕುಟಾದಲ್ಲಿದ್ದ ಅಡುಗೆಮನೆಯೇ ಇಲ್ಲಿಯೂ ಇತ್ತು. ಎರಡೂ ಭಾಷೆಗಳಲ್ಲಿ ಮರ್ಯಾದೆಯ ಮೆಟ್ಟಿಲುಗಳನ್ನು ಹೆಂಗಸಿನ ಬೆನ್ನ ಮೇಲೆ ಕಟ್ಟಲಾಗಿದೆ ಎಂದು ಸುಮತಿಯವರು ಬರೆದರು. ಬರಹ ಹರಿತವಾಗಿತ್ತು, ಉದಾಹರಣೆಗಳು ಅಲ್ಲಗಳೆಯಲಾರದಂತಿದ್ದವು. ಪದವಿ ಬಂತು, ಕೆಲಸ ಬಂತು, ಹೆಸರೂ ಬಂತು.

ಅವರ ಅಧ್ಯಾಪನದ ಬಗ್ಗೆ ಇಲ್ಲಿ ಎರಡು ಮಾತು ಹೇಳದಿದ್ದರೆ ಲೋಪವಾದೀತು. ತೊಂಬತ್ತರ ದಶಕದ ಒಂದು ಮೌಖಿಕ ಪರೀಕ್ಷೆಯಲ್ಲಿ, ಸಂತೆಯಲ್ಲಿ ಸೊಪ್ಪು ಮಾರುವವರ ಮಗಳು ವೆನಿಂಗ್ ಎಂಬ ವಿದ್ಯಾರ್ಥಿನಿ, ಹೆದರಿಕೆಯಲ್ಲಿ, ಪರೀಕ್ಷಕರಿಗೆ ಬೀದಿಯ ‘ನೀನು’ ಹೇಳಿಬಿಟ್ಟಳು. ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ಪುಸ್ತಕ ಮುಚ್ಚಿ ಎದ್ದರು. ಸುಮತಿಯವರು ಕುಳಿತಲ್ಲಿಂದಲೇ, ಅತ್ಯಂತ ವಿನಯದ ಜಾವಾ ಮಾತಿನಲ್ಲಿ, “ತಾವು ದಯಮಾಡಿ ಕೂರಬೇಕು. ನಾನು ಈ ಊರಿಗೆ ಬಂದ ದಿನ ನನ್ನ ಗುರುಗಳಿಗೆ ನಾಯಿ ಅಂದಿದ್ದೆ. ಅವರು ಎದ್ದು ಹೋಗಲಿಲ್ಲ” ಎಂದರು. ಪರೀಕ್ಷಕರು ಕುಳಿತರು. ವೆನಿಂಗ್ ಇಂದು ನಮ್ಮ ವಿಭಾಗದ ಮುಖ್ಯಸ್ಥೆ. ಹಬ್ಬಕ್ಕೆ ಊರಿಗೆ ಹೋಗಲಾಗದ ಹೊರಗಿನ ವಿದ್ಯಾರ್ಥಿಗಳಿಗೆ ಮನೆಯಲ್ಲಿ ಊಟವಿಡುವುದು, ಅವರವರ ತಾಯ್ನುಡಿಯನ್ನು ಕೇಳಿ ಕೇಳಿ ಕಲಿಯುವುದು ಇವೆಲ್ಲ ಸುಮತಿಯವರಿಗೆ ಉಸಿರಾಟದಷ್ಟು ಸಹಜ.

ಎರಡು ಸಾವಿರದ ಆರನೆಯ ಇಸವಿಯ ಮೇ ತಿಂಗಳ ಆ ಶನಿವಾರವನ್ನು ಬಂಟುಲ್ ಕಡೆಯವರು ಯಾರೂ ಮರೆಯಲಾರರು. ಪಟ್ಟಣದಲ್ಲಿ ಮನೆ ಮಾಡಿದ್ದರೂ ವಾರದ ಕೊನೆಗೆ ಹಳೆಯ ಕೋಣೆಗೇ ಹೋಗುವುದು ಸುಮತಿಯವರ ರೂಢಿ. ಬೆಳಕು ಹರಿಯುತ್ತಿತ್ತು, ಇಬು ಪೊನಿರಾ ಅಂಗಳ ಗುಡಿಸುತ್ತಿದ್ದರು, ಸುಮತಿಯವರು ಬಾವಿಕಟ್ಟೆಯ ಬಳಿ ಮುಖ ತೊಳೆಯುತ್ತಿದ್ದರು. ನೆಲದಡಿಯಲ್ಲಿ ಲಾರಿಯೊಂದು ಹಾದುಹೋದಂತೆ ಸದ್ದಾಯಿತು. ಮರುಕ್ಷಣ ಬಾವಿಯ ನೀರು ಮೇಲಕ್ಕೆ ಚಿಮ್ಮಿತು, ತೆಂಗಿನ ಮರಗಳು ಒಂದಕ್ಕೊಂದು ತಲೆ ಬಡಿದುಕೊಂಡವು, ಬಾಪಕ್ ರೆಕ್ಸೊ ಮಲಗಿದ್ದ ಮನೆ ಮಂಡಿಯೂರಿದ ಆನೆಯ ಹಾಗೆ ನಿಧಾನವಾಗಿ ಕುಸಿದು ಕುಳಿತಿತು. ಆಮೇಲೆ ದೂಳು. ದೂಳಿನ ಆಚೆ ಊರಿಗೆ ಊರೇ ಅಳುವ ಸದ್ದು.

ಇಬು ಪೊನಿರಾ ಪೊರಕೆ ಎಸೆದು ಇಟ್ಟಿಗೆ ರಾಶಿಯ ಮೇಲೆ ಹತ್ತಿದರು. ಬರಿಗೈಯಿಂದ ಹೆಂಚು ಎತ್ತಿ ಎತ್ತಿ ಎಸೆಯುತ್ತ ಕೂಗಿದರು:

“ತುಕಿಜಾನ್! ಏಯ್ ತುಕಿಜಾನ್! ಎಲ್ಲಿದೀಯೋ? ಸತ್ತೀಯ ಜೋಕೆ! ನನ್ನ ಬಿಟ್ಟು ಸತ್ರೆ ನಿನ್ನ ಕೊಂದು ಹಾಕ್ತೀನಿ, ಕೇಳಿಸ್ತೇನೋ?”

ತುಕಿಜಾನ್ ಯಾರೆಂದು ಸುಮತಿಯವರಿಗೆ ತಿಳಿಯಲಿಲ್ಲ. ಓಡಿಬಂದ ನೆರೆಯವರಿಗೂ ತಿಳಿಯಲಿಲ್ಲ. ಅಲ್ಲಿ ಮದುವೆಯಾದ ಗಂಡಸಿಗೆ ಹೊಸ ಹೆಸರಿಡುತ್ತಾರೆ. ಹುಡುಗನಾಗಿದ್ದಾಗಿನ ಹೆಸರು ಅಂದಿಗೆ ಮುಗಿಯುತ್ತದೆ. ಅರ್ಧ ಶತಮಾನದ ಹಿಂದೆ ಮುಗಿದಿದ್ದ ಬಾಪಕ್ ರೆಕ್ಸೊ ಅವರ ಆ ಹೆಸರನ್ನು ಹೆಂಡತಿಯಾದವಳು ಊರ ಮುಂದೆ, ಅತಿ ಕೆಳಗಿನ ಮಾತಿನಲ್ಲಿ, ಎಮ್ಮೆ ಕಾಯುವ ಹುಡುಗನನ್ನು ಕೂಗುವಂತೆ ಕೂಗುತ್ತಿದ್ದಳು.

ಇಟ್ಟಿಗೆಗಳ ಅಡಿಯಿಂದ ಕ್ಷೀಣವಾದ ದನಿಯೊಂದು ಬಂತು.

“ಇಂಗಿಹ್.”

ಒಡೆಯನ ಅಪ್ಪಣೆಗೆ ಸೇವಕ ಹೇಳುವ ‘ಆಗಲಿ’ ಅದು. ರಾಜಸಮಾಧಿಯ ಮುಂದೆ ತಲೆ ತಗ್ಗಿಸಿ ಬಾಪಕ್ ರೆಕ್ಸೊ ಹೇಳುತ್ತಿದ್ದ ಮಾತು. ಹೆಂಡತಿಗೆ ಅವರು ಅದನ್ನು ಹೇಳಿದ್ದನ್ನು ಕೇಳಿದವರು ಇರಲಿಲ್ಲ. “ಇಂಗಿಹ್, ಅಮ್ಮಾ... ಸಾಯಲ್ಲ” ಎಂದಿತು ದನಿ.

ನೆರೆಯವರು ತೊಲೆ ಎತ್ತಿ ಅವರನ್ನು ಹೊರಗೆಳೆದಾಗ ಒಂದು ಕಾಲು ಮುರಿದಿತ್ತು, ಜೀವ ಗಟ್ಟಿಯಾಗಿತ್ತು. ಆ ಬೀದಿಯಲ್ಲಿ ಅದೇ ಬೆಳಿಗ್ಗೆ ಅನೇಕರು ಹೊರಬರಲಿಲ್ಲ. ದುಃಖದ ಆ ದಿನಗಳಲ್ಲಿ ಮಾತಿನ ಮರ್ಯಾದೆಯ ಬಗ್ಗೆ ಯೋಚಿಸುವುದೇ ನಾಚಿಕೆಯೆನಿಸಿದರೂ ಸುಮತಿಯವರ ತಲೆಯಲ್ಲಿ ಆ ಒಂದು ಕೂಗು, ಒಂದು ಓಗೊಡುವಿಕೆ ಸುತ್ತುತ್ತಲೇ ಇದ್ದವು. ಒಂದು ವಾರದ ಮೇಲೆ ಟಾರ್ಪಾಲಿನ ಡೇರೆಯೊಳಗೆ, ಇಬು ಪೊನಿರಾ ಗಂಡನ ಮುಂದೆ ಗಂಜಿಯ ಬಟ್ಟಲು ಹಿಡಿದು, ಎಂದಿನ ಉನ್ನತ ಮಾತಿನಲ್ಲಿ, “ತಾವು ಸ್ವಲ್ಪ ಸ್ವೀಕರಿಸಬೇಕು” ಎನ್ನುತ್ತಿದ್ದರು. “ಇಡೇ ಅಲ್ಲಿ” ಎಂದರು ಬಾಪಕ್ ರೆಕ್ಸೊ. ಎಲ್ಲವೂ ಮೊದಲಿನಂತೆಯೇ. ಸುಮತಿಯವರು ತಡೆಯಲಾರದೆ ಕೇಳಿದರು.

“ಇಬು, ಅವತ್ತು ನೀವು ಅವರನ್ನ ಹೆಸರು ಹಿಡಿದು ಕೂಗಿದ್ರಿ.”

“ಯಾರು, ನಾನಾ?” ಇಬು ಪೊನಿರಾ ಅವರ ಮುಖ ಬಿಳುಪೇರಿತು. “ಗಂಡನ್ನ ಹಾಗೆ ಕರೆಯೋ ಹೆಂಗಸಾ ನಾನು? ಭೂಮಿ ಗುಡುಗ್ತಿತ್ತು ಗೆಂದುಕ್. ನಿನಗೇನೋ ಕೇಳಿಸಿದೆ.”

“ಊರೆಲ್ಲ ಕೇಳಿದೆ.”

“ಊರಿಗೂ ಭೂಮಿ ಗುಡುಗ್ತಿತ್ತು.”

ಸುಮತಿಯವರು ಬಾಪಕ್ ರೆಕ್ಸೊ ಕಡೆ ತಿರುಗಿದರು. ಅವರು ಗಂಜಿಯ ಬಟ್ಟಲಿನಿಂದ ಕಣ್ಣೆತ್ತದೆ, “ನನ್ನ ಕಿವಿ ತುಂಬ ಮಣ್ಣಿತ್ತು” ಎಂದರು. ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಆ ಮನೆಯಲ್ಲಿದ್ದು, ಅಲ್ಲಿ ಆಡಿದ ಪ್ರತಿಯೊಂದು ಮಾತಿಗೂ ಕಿವಿಗೊಟ್ಟು, ಆಡದೆ ಉಳಿದದ್ದೊಂದು ಇದೆಯೆಂಬ ಊಹೆಯೂ ತಮಗೆ ಬರಲಿಲ್ಲವಲ್ಲ ಎಂದು ಸುಮತಿಯವರು ದಂಗಾಗಿ ಕುಳಿತರು. ಆ ವರ್ಷ ಅವರು ಏನನ್ನೂ ಪ್ರಕಟಿಸಲಿಲ್ಲ.

ಮೂರು ವರ್ಷಗಳ ಮೇಲೆ, ನೇಪಾಳದ ದಸರೆಯಾದ ದಶೈಂ ಹಬ್ಬ ಸಮೀಪಿಸುತ್ತಿದ್ದಾಗ, ಧನಕುಟಾದಿಂದ, ಅಕ್ಕನಿಗೆ ‘ದಿದಿ’ ತಾಯಿಗೆ ‘ಆಮಾ’ ಎನ್ನುವ ತಮ್ಮ ಟೀಕಾರಾಮನ ಫೋನು ಬಂತು.

“ದಿದಿ, ಆಮಾಗೆ ಲಕ್ವಾ ಹೊಡೆದು ತಿಂಗಳಾಯ್ತು. ನೀನು ಗಾಬರಿಯಾಗ್ತೀಯ ಅಂತ ಹೇಳಿರಲಿಲ್ಲ. ಜೀವಕ್ಕೇನೂ ಇಲ್ಲ. ಆದ್ರೆ ಮಾತು ಕೆಟ್ಟಿದೆ.”

“ತೊದಲ್ತಾಳಾ?”

“ತೊದಲಿದ್ರೆ ಪುಣ್ಯ ಇತ್ತು. ಸ್ಪಷ್ಟವಾಗಿ ಕೇಳಿಸುತ್ತೆ, ಅದೇ ತಾಪತ್ರಯ. ಎಲ್ಲರಿಗೂ ‘ತಂ’ ಅಂತಾಳೆ. ಡಾಕ್ಟರಿಗೆ ‘ತಂ’. ಪುರೋಹಿತರು ಬಂದ್ರೆ, ‘ಏಯ್ ಬೋಳಾ, ಕೂತ್ಕೋ’ ಅಂದ್ಲು. ಅವರು ಎಲೆ ಮುಟ್ಟದೆ ಹೋದ್ರು. ಬುವಾಗೂ... ಬುವಾಗೂ ಅಂದ್ಲು ದಿದಿ. ಬುವಾ ಅವತ್ತಿಂದ ಬಾಯಿ ಬಿಟ್ಟಿಲ್ಲ, ಅವಳ ಕೋಣೆ ಕಡೆ ಹೋಗಿಯೂ ಇಲ್ಲ.”

ಸುಮತಿಯವರು ವಿಮಾನ ಹಿಡಿದು, ಬಸ್ಸು ಹತ್ತಿ, ಟೀಕಾ ಹಚ್ಚುವ ದಿನದ ಮುಂಜಾನೆ ಮನೆ ಮುಟ್ಟಿದರು. ಅಂಗಳವನ್ನು ಕೆಮ್ಮಣ್ಣಿನಿಂದ ಸಾರಿಸಲಾಗಿತ್ತು. ಮೊಸರಲ್ಲಿ ಕಲಸಿದ ಕೆಂಪು ಅಕ್ಕಿಯೂ ಎಳೆಯ ಜವೆಯ ಮೊಳಕೆಗಳೂ ತಟ್ಟೆಯಲ್ಲಿ ಸಿದ್ಧವಾಗಿದ್ದವು. ಸುತ್ತಲ ಹಳ್ಳಿಗಳಿಂದ ದಾಯಾದಿಗಳು ಬರತೊಡಗಿದ್ದರು. ಹಿರಿಯರ ಕೈಯಿಂದ ಹಣೆಗೆ ಟೀಕಾ ಹಚ್ಚಿಸಿಕೊಂಡು ಆಶೀರ್ವಾದ ಪಡೆಯುವ ದಿನ. ಮನೆಯ ಹಿರಿಯ ಹೆಂಗಸು ಕಾಣಿಸಲಿಲ್ಲ. ಸುಮತಿಯವರು ಮೆಟ್ಟಿಲು ಹತ್ತಿ ಮೇಲಿನ ಕೋಣೆಗೆ ಹೋದರು. ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು.

ಅಗುಳಿಯ ಮೇಲೆ ಕೈಯಿಟ್ಟು ಅವರು ಎಷ್ಟು ಹೊತ್ತು ನಿಂತರೋ. ಒಳಗಿನಿಂದ, “ಯಾರೇ ಅದು? ತೆಗಿಯೇ ಬಾಗಿಲು!” ಎಂದಿತು ತಾಯಿಯ ದನಿ. ಊರಿಗೆಲ್ಲ ಅಪಚಾರವಾಗಿ ಕೇಳಿಸಿದ ಆ ಮಾತಿನಲ್ಲಿ ಮಗಳಿಗೆ ಏನೂ ಬದಲಾಗಿರಲಿಲ್ಲ. ಹುಟ್ಟಿದಂದಿನಿಂದ ತಾಯಿ ಅವರನ್ನು ಕರೆದದ್ದೇ ಹಾಗೆ.

ತಮ್ಮ ಹಿಂದೆಯೇ ಓಡಿಬಂದಿದ್ದ.

“ಇವತ್ತೊಂದು ದಿನ ಬಿಡು ದಿದಿ. ಕಾಕಾಗಳೆಲ್ಲ ಬಂದಿದ್ದಾರೆ. ಮಾತೇ ಹೋಗಿದೆ, ಮಲಗಿದ್ದಾಳೆ ಅಂತ ಹೇಳಿದೀವಿ.”

“ಮಾತು ಹೋಗಿಲ್ವಲ್ಲೋ.”

“ನಿನಗೇನು, ನಾಳೆ ಸಮುದ್ರದಾಚೆ ಹೋಗ್ತೀಯ. ಈ ಊರಲ್ಲಿ ತಲೆ ಎತ್ತಿ ತಿರುಗಬೇಕಾದವನು ನಾನು.”

“ತಲೆ ಎತ್ತೋಕೆ ಹೆತ್ತವಳನ್ನ ಕೂಡಿಹಾಕಬೇಕಾ ಟೀಕಾರಾಮ?”

ಅವರು ಅಗುಳಿ ತೆಗೆದರು. ತಾಯಿಯ ತಲೆ ಬಾಚಿ, ಹಬ್ಬದ ಸೀರೆ ಉಡಿಸಿ, ಕೈಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದರು. ಕಂಬಳಿಯ ಮೇಲೆ ಟೀಕಾ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದ ಹೋಮನಾಥರು ತಲೆಯೆತ್ತಿದರು. ಹೆಂಡತಿ ಗಂಡನ ಎದುರು ಕೂತು, ಹಣೆಯೊಡ್ಡಿ, ಪಾದಕ್ಕೆ ನಮಸ್ಕರಿಸಬೇಕು. ದುರ್ಪತಾ ಕುಳಿತರು. ಹಣೆಯೊಡ್ಡಲಿಲ್ಲ. ಗಂಡನ ಮುಖವನ್ನೇ ದಿಟ್ಟಿಸಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು:

“ಏಯ್ ಹೋಮೆ, ಎಲ್ಲಿ ಹಾಳಾಗಿ ಹೋಗಿದ್ಯೋ? ನನ್ನ ಕಲ್ಲೆಲ್ಲ ಎತ್ಕೊಂಡು ಹೋದವನು ಈಗ ಬರ್ತೀಯಾ? ಕೊಡೋ ಇಲ್ಲಿ!”

ಒಬ್ಬ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಟೀಕಾರಾಮ ಗೋಡೆಯ ಕಡೆ ತಿರುಗಿದ. ಊರಿಗೆ ಗುರುವಾದ ಮನುಷ್ಯನನ್ನು, ಹೆಸರನ್ನೂ ಮುರಿದು, ಬೀದಿಯ ಪೋರನೆಂಬಂತೆ ಹೆಂಡತಿ ಕರೆದಿದ್ದಳು. ಹೋಮನಾಥರ ಕೈ ಟೀಕಾ ತಟ್ಟೆಯ ಅಂಚು ಹಿಡಿಯಿತು. ತಟ್ಟೆ ಹಾರಿಬೀಳುತ್ತದೆಂದು ಸುಮತಿಯವರು ತಾಯಿಯ ಮುಂದೆ ಕೈ ಅಡ್ಡ ಹಿಡಿದರು.

“ನಾನೆಲ್ಲಿ ಎತ್ಕೊಂಡೆನೇ?” ಎಂದರು ಹೋಮನಾಥರು. ಆ ದನಿ ಮಕ್ಕಳಾರೂ ಕೇಳಿದ್ದಲ್ಲ. “ಹಿತ್ತಲ ಪೇರಲೆ ಮರದ ಕೆಳಗೆ ಹೂತಿಟ್ಟಿದ್ದೆ. ನೀನೇ ಆಟಕ್ಕೆ ಬರಲಿಲ್ಲ.”

ಆಮೇಲೆ ಅವರು ನೆಂಟರ ಕಡೆ ತಿರುಗಿದರು. ಯಾರೂ ಕೇಳದಿದ್ದರೂ ಹೇಳಿದರು. “ಇವಳು ಈ ಮನೆಗೆ ಬಂದಾಗ ಹನ್ನೊಂದು ವರ್ಷ. ನಾನೂ ಹುಡುಗ. ಐದು ಕಲ್ಲಾಟ ಆಡ್ತಿದ್ವಿ. ಹೋಮೆ, ಹೋಮೆ ಅಂತ ಕೂಗ್ತಿದ್ಲು. ಒಂದು ದಿನ ನಮ್ಮಮ್ಮನ ಕಿವಿಗೆ ಬಿತ್ತು. ಒಲೇಲಿ ಇಕ್ಕಳ ಕಾಯಿಸಿ ತಂದು ಇವಳ ತುಟಿಗೆ ಇಟ್ಲು. ಆವತ್ತಿಂದ ಹಜುರ್ ಬಿಟ್ಟು ಇವಳ ಬಾಯಲ್ಲಿ ನನಗೆ ಬೇರೆ ಮಾತು ಬಂದಿಲ್ಲ. ತಿಂಗಳ ಹಿಂದೆ ಇವಳು ನನ್ನನ್ನ ಹೋಮೆ ಅಂದಾಗ ನನಗೆ ಸಿಟ್ಟು ಬಂತು ಅಂದ್ಕೊಂಡ್ರಿ ನೀವೆಲ್ಲ. ನನಗೆ ಆ ಕೋಣೆಗೆ ಹೋಗಿ ಅವಳ ಮುಖ ನೋಡೋ ಧೈರ್ಯ ಇರಲಿಲ್ಲ.”

ತಾಯಿಯ ಕೆಳತುಟಿಯ ಅಂಚಿನ ಮಸುಕು ಗೆರೆಯನ್ನು ಸಿಡುಬಿನ ಗುರುತೆಂದೇ ಮಕ್ಕಳಿಬ್ಬರೂ ತಿಳಿದಿದ್ದರು. ಸುಮತಿಯವರು ತಿರುಗಿ ನೋಡಿದರು. ‘ಹಜುರ್’ ಎಂಬ ಪದದ ಮೇಲೆ ಅಧ್ಯಾಯಗಟ್ಟಲೆ ಬರೆದಿದ್ದರು ಅವರು. ಅದರ ವ್ಯುತ್ಪತ್ತಿ ತಿಳಿದಿತ್ತು, ಅರಬ್ಬಿಯಿಂದ ಅದು ಬಂದ ದಾರಿ ತಿಳಿದಿತ್ತು. ತಮ್ಮ ತಾಯಿಯ ಬಾಯಿಗೆ ಅದು ಬಂದ ದಾರಿ ತಿಳಿದಿರಲಿಲ್ಲ.

ಹೋಮನಾಥರು ಟೀಕಾ ತಟ್ಟೆಯನ್ನು ಹೆಂಡತಿಯ ಕಡೆ ತಳ್ಳಿದರು. “ತಗೋ, ನೀನೇ ಹಚ್ಚು ನನಗೆ.”

ದುರ್ಪತಾ ಲಕ್ವಾ ತಾಗದ ಎಡಗೈಯಿಂದ ಕೆಂಪು ಅಕ್ಕಿ ತೆಗೆದು ಗಂಡನ ಹಣೆಗೂ ಮೂಗಿಗೂ ಮೀಸೆಗೂ ಬಳಿದರು. ಹಿರಿಯ ಕಾಕಾ ಒಬ್ಬರು ಎದ್ದು, ಟೀಕಾ ಹಚ್ಚಿಸಿಕೊಳ್ಳದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟುಹೋದರು. ಮತ್ತೆ ಅವರು ಆ ಮನೆಗೆ ಬರಲಿಲ್ಲ. ಮಿಕ್ಕವರು ಉಳಿದರು. ಟೀಕಾರಾಮ ಬಹಳ ಹೊತ್ತಿನ ಮೇಲೆ ಬಂದು ತಾಯಿಯ ಮುಂದೆ ಹಣೆಯೊಡ್ಡಿದ, “ಯಾಕೋ ಅಳ್ತೀಯ ಹೆಣ್ಣಿಗ?” ಎಂದು ಬೈಸಿಕೊಂಡ.

ದುರ್ಪತಾ ಆಮೇಲೆ ಎರಡು ವರ್ಷ ಬದುಕಿದರು. ಗಂಡಹೆಂಡಿರಿಬ್ಬರೂ ಪೇರಲೆ ಮರದಡಿ ಕೂತು ಒಬ್ಬರಿಗೊಬ್ಬರು ‘ತಂ’ ‘ತಂ’ ಎಂದು ಕೂಗಾಡುತ್ತ ಕಲ್ಲಾಡುವುದನ್ನು ಕಂಡು, ಹೊಸಬರು ಜಗಳವೆಂದು ಬಿಡಿಸಲು ಬರುತ್ತಿದ್ದರಂತೆ. ಬಾಲ್ಯದಿಂದ ಸುಮತಿಯವರ ಕಿವಿಗೆ ಚಾಟಿಯಾಗಿ ಕೇಳಿಸಿದ್ದ ಪದ ಅದೇ. ಮರಳಿ ಬೀಸುವ ಹಕ್ಕು ಇನ್ನೊಬ್ಬರಿಗೂ ಸಿಕ್ಕೊಡನೆ ಅದು ಆಟವಾದದ್ದನ್ನು ಸುಮತಿಯವರು ಆ ಅಂಗಳದಲ್ಲಿ ಕಂಡರು. ಮಾತಿನ ಕ್ರೌರ್ಯ ಪದದೊಳಗಿಲ್ಲ, ಮರುಮಾತಿಗೆ ಹಾಕಿದ ಅಗುಳಿಯಲ್ಲಿದೆ ಎಂಬ ಅವರ ಪ್ರಸಿದ್ಧ ವಾಕ್ಯವನ್ನು ವಿದ್ವಾಂಸರು ರೂಪಕವೆಂದು ಓದುತ್ತಾರೆ. ಅದು ರೂಪಕವಲ್ಲ.

ಜಾವಾಕ್ಕೆ ಮರಳಿದ ಮೇಲೆ, ಹೊಸದಾಗಿ ಕಟ್ಟಿದ ಮನೆಯ ಜಗಲಿಯಲ್ಲಿ, ಅವರು ಇದೆಲ್ಲವನ್ನೂ ಇಬು ಪೊನಿರಾ ಅವರಿಗೆ ಹೇಳಿದರು. ಇಬು ಪೊನಿರಾ ಸೋಯಾಕಾಳು ಆರಿಸುತ್ತ ಕೇಳಿದರು. ಇಕ್ಕಳದ ಮಾತು ಬಂದಾಗ ಕೈ ನಿಂತಿತು.

“ಹಾಗಾದ್ರೆ ನಿನ್ನಮ್ಮನಿಗೆ ತಲೆಯೊಳಗೆ ನರ ಒಡೀಬೇಕಾಯ್ತು,” ಎಂದರು ಕೊನೆಗೆ. “ನನಗೆ ಮನೆ ಬೀಳಬೇಕಾಯ್ತು. ಗಂಡನ್ನ ಒಂದು ಸಲ ಹೆಸರು ಹಿಡಿದು ಕೂಗೋಕೆ ಹೆಂಗಸಿಗೆ ಎಷ್ಟು ಬೇಕು ನೋಡು, ಗೆಂದುಕ್.”

ಅಂದು ಡೇರೆಯಲ್ಲಿ ಅಲ್ಲವೆಂದಿದ್ದನ್ನು ಅವರು ಇಂದು ತಾವಾಗಿಯೇ ಒಪ್ಪಿಕೊಂಡಿದ್ದರು. ಒಳಗಿನಿಂದ ಬಾಪಕ್ ರೆಕ್ಸೊ ಟೀ ಕೇಳಿದರು. “ತಾವು ಒಂದು ಗಳಿಗೆ ಕಾಯುವ ಕೃಪೆ ಮಾಡಬೇಕು” ಎಂದು ಇಬು ಪೊನಿರಾ ತುಂಬು ವಿನಯದಿಂದ ಉತ್ತರಿಸಿ, ಎದ್ದು ಒಳಗೆ ಹೋಗುತ್ತ, ಕಾಳಿನ ಮೊರಕ್ಕೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, ತುಕಿಜಾನ್ ಎಂಬ ಹೆಸರಿನ ಬಾಲವನ್ನಷ್ಟೇ ಹಿಡಿದು, “ತಾಳೋ ಜಾನ್” ಎಂದರು.

ಅಂದಿನಿಂದ ಸುಮತಿಯವರ ಅಧ್ಯಯನದ ದಿಕ್ಕು ಬದಲಾಯಿತು. ತಮ್ಮ ಮೊದಲ ಪ್ರಬಂಧವನ್ನು ಅವರು ಅಲ್ಲಗಳೆಯಲಿಲ್ಲ. ಮೆಟ್ಟಿಲುಗಳು ಇವೆ, ಯಾರ ಬೆನ್ನ ಮೇಲೆ ಎಂಬುದೂ ಸುಳ್ಳಲ್ಲ. ಆದರೆ ನೇಪಾಳದ ಗುಡ್ಡಗಳಲ್ಲಿಯೂ ಜಾವಾದ ಹಳ್ಳಿಗಳಲ್ಲಿಯೂ ಅವರು ಈಗ ಮುದುಕಿಯರ ಪಕ್ಕ ಕೂತು, ಸೊಪ್ಪು ಬಿಡಿಸುತ್ತಲೋ ಕಾಳು ಆರಿಸುತ್ತಲೋ, ಒಂದೇ ಪ್ರಶ್ನೆ ಕೇಳುತ್ತಾರೆ: ಯಾರೂ ಇಲ್ಲದಾಗ ಅವರನ್ನು ಏನೆಂದು ಕರೆಯುತ್ತೀರಿ? ಹೆಚ್ಚಿನವರು ‘ಥೂ, ಹೋಗೇ’ ಎಂದು ಓಡಿಸುತ್ತಾರೆ. ಕೆಲವರು ನಗುತ್ತಾರೆ. ಎಲ್ಲೋ ಒಬ್ಬರು ಬಾಗಿಲ ಕಡೆ ನೋಡಿ, ಹತ್ತಿರ ಸರಿದು, ಇವರ ಕಿವಿಯಲ್ಲಿ ಹೇಳುತ್ತಾರೆ. ಪ್ರತಿ ಸಲವೂ ತಾವು ಮೊದಲ ದಿನದಷ್ಟೇ ಬೆಚ್ಚುವುದಾಗಿ ಸುಮತಿಯವರು ಹೇಳುತ್ತಾರೆ.

ಸರ್ಕಾರದ ಲೆಕ್ಕದಲ್ಲಿ ಅವರ ಸೇವೆ ಮುಗಿದಿದೆ. ಆದರೆ ಕಡಲಾಚೆಯೂ ಗುಡ್ಡದ ಮೇಲೂ ಹೇಳದೆ ಉಳಿದ ಹೆಸರುಗಳನ್ನು ನಾಲಿಗೆಯ ಕೆಳಗಿಟ್ಟುಕೊಂಡು ಕೂತ ತಾಯಂದಿರು ಇನ್ನೂ ಎಷ್ಟೋ ಮಂದಿ. ಅವರ ಪಕ್ಕ ಹೋಗಿ ಕೂರಬಲ್ಲವರು, ಸದ್ಯಕ್ಕೆ, ಇವರೊಬ್ಬರೇ. ಆದುದರಿಂದ ಪ್ರಾಧ್ಯಾಪಕಿ ಸುಮತಿ ಢುಂಗಾನಾ ಅವರಿಗೆ ದೀರ್ಘಾಯುಷ್ಯವನ್ನೂ, ಗುಡ್ಡ ಹತ್ತುವ ಕಾಲುಗಳನ್ನೂ, ಪಿಸುಮಾತು ಕೇಳುವ ಕಿವಿಗಳನ್ನೂ ನಾವು ಕೋರುವುದು ಅವರಿಗಾಗಿ ಮಾತ್ರವಲ್ಲ. ಆ ತಾಯಂದಿರು ಕೊನೆಗೊಮ್ಮೆ ಬಾಯಿಬಿಟ್ಟಾಗ, ಅದಕ್ಕೊಂದು ಮನೆ ಬೀಳುವ ಮೊದಲೇ, ಪಕ್ಕದಲ್ಲಿ ಯಾರಾದರೂ ಇರಲೆಂದು.